ಕಾಕಾನ ನೆನಪಿಗೊಂದು ಖೋಲಿ

ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಬೇಸಿಗೆ ರಜೆ ಬಂತೆಂದರೆ ಮನೆಯವರ ಕೈಗೆ ಸಿಗುತ್ತಿರಲಿಲ್ಲ. ರಾಯಬಾಗದ ಹತ್ತಿರ ನಮ್ಮ ಕಬ್ಬಿನ ಹೊಲದಲ್ಲಿ ಮೆಟ್ಟಿಲಿನ ದೊಡ್ಡ ಬಾವಿಯಿತ್ತು. ಊರ ಹುಡುಗರು, ಚಿಂಚಲಿ ಕಡೆಯಿಂದ ಕುರಿ ಮೇಯಿಸುತ್ತ ಬಂದವರ ಮಕ್ಕಳು, ಎಲ್ಲರ ಸೊಂಟಕ್ಕೂ ಒಣ ಸೋರೆ ಬುರುಡೆ ಕಟ್ಟಿ ನೀರಿಗೆ ತಳ್ಳುತ್ತಿದ್ದ. ಕಲಿಸಿದ್ದಕ್ಕೆ ದುಡ್ಡಿಲ್ಲ, ಮೇಲೆ ಶೇಂಗಾ ಬೆಲ್ಲ ಬೇರೆ. ಹುಡುಗಿಯರು ಮಾತ್ರ ದಂಡೆಯ ಮೇಲೆ ಕೂತು ಅವರ ಅಂಗಿ ಕಾಯಬೇಕು. ನನಗಂತೂ ಮೈಯೆಲ್ಲ ಉರಿಯುತ್ತಿತ್ತು. "ಮುಂದಿನ ವರ್ಷ ಹುಡುಗ್ಯಾರಿಗೂ ಕಲಸೂಣು," ಎಂದು ಕಾಕಾ ಪ್ರತಿ ವರ್ಷ ಹೇಳುತ್ತಿದ್ದ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ, ಒಂದು ದೀಪಾವಳಿಯ ಮರುದಿನ, ಎದೆನೋವೆಂದು ಮಲಗಿದವನು ಏಳಲಿಲ್ಲ.

ಅವನ ನೆನಪಿಗೆ ಬಾವಿಯ ಹತ್ತಿರ ಏನಾದರೂ ಕಟ್ಟಿಸಬೇಕು, ಬೇಸಿಗೆಯ ಈಜು ನಿಲ್ಲಬಾರದು ಎಂದು ಮನೆಯವರೆಲ್ಲ ಒಪ್ಪಿದರು. ದೊಡ್ಡಪ್ಪನಿಗೆ ಒಂದು ಮಂಟಪ, ಅದರೊಳಗೆ ತಮ್ಮನ ಮೂರ್ತಿ ಆಗಬೇಕು. ಕಾಕಾನ ಹೆಂಡತಿ, ನಮ್ಮ ಕಾಕು, ದೊಡ್ಡಪ್ಪನೆದುರು ಎಂದೂ ಬಾಯಿ ಬಿಟ್ಟವಳಲ್ಲ. ಅಂದು ಬಾಗಿಲ ಮರೆಯಿಂದ, ತಲೆಯ ಮೇಲೆ ಸೆರಗು ಎಳೆದುಕೊಂಡು ಮಾತಾಡಿದಳು.

"ಮಂಟಪ ಬ್ಯಾಡ್ರಿ ಭಾವಾರ. ಹುಡುಗ್ಯಾರು ಅರಿವಿ ಬದಲಿ ಮಾಡಾಕ ಒಂದು ಖೋಲಿ ಕಟ್ಟಸ್ರಿ. ಒಳಗಿಂದ ಚಿಲಕ ಇರಬೇಕು. ಬಾವಿ ಸುತ್ತ ಗ್ವಾಡಿ."

ದೊಡ್ಡಪ್ಪನ ಮುಖ ಕೆಂಪಾಯಿತು. ಆದರೆ ಆಕೆಯ ಮಾತು ತೆಗೆದುಹಾಕಲು ಅವನಿಗೂ ಮನಸ್ಸು ಬರಲಿಲ್ಲ. "ಕಟ್ಟಸ್ತೀನಿ ಅಂತ ಹೇಳ್ರಿ ಆಕೀಗೆ. ಒಂದ ಹುಡುಗಿನೂ ನೀರಿಗಿ ಇಳೀಲಿಲ್ಲಂದ್ರ ಅದರಾಗ ಗೊಬ್ಬರದ ಚೀಲ ಒಟ್ಟತೀನಿ!"

ಬೇಸಿಗೆಯ ಹೊತ್ತಿಗೆ ಖೋಲಿ ಎದ್ದಿತು. ಶೇಡಬಾಳಕ್ಕೆ ಕೊಟ್ಟಿದ್ದ ಅತ್ತೆ, ದೊಡ್ಡಪ್ಪನ ತಂಗಿ, ಕಲಿಸಲು ಬಂದಳು. ಚಿಕ್ಕಂದಿನಲ್ಲಿ ಅಣ್ಣತಮ್ಮಂದಿರ ಜೊತೆ ಅದೇ ಬಾವಿಯಲ್ಲಿ ಈಜಿದವಳು. ಮುಂಜಾನೆ ಹುಡುಗಿಯರ ಪಾಳಿ, ಗಂಡಸರು ಗೋಡೆಯಾಚೆ. ನಾವೆಲ್ಲ ಕಿಲಕಿಲ ನಗುತ್ತ ಖೋಲಿಯೊಳಗೆ ಹೋದೆವು. ಹೋದವರು ಹಾಗೇ ಹೊರಗೆ ಬಂದೆವು. ಎದುರಿನ ಗೋಡೆಯ ಮೇಲೆ ಕಾಕಾನ ದೊಡ್ಡ ಫೋಟೋ! ಮೂರ್ತಿಯ ಆಸೆಯನ್ನು ದೊಡ್ಡಪ್ಪ ಅಲ್ಲಿ ತೀರಿಸಿಕೊಂಡಿದ್ದ. ಹಾರ ಹಾಕಿ, ಊದಿನಕಡ್ಡಿ ಹಚ್ಚಿ, ನಮ್ಮನ್ನೇ ನೋಡುವ ಹಾಗೆ ತೂಗಿಹಾಕಿದ್ದ.

"ಕಾಕಾ ನೋಡಾಕತ್ತಾರ್ರಿ, ನಾ ಒಲ್ಲೆ ನಮ್ಮವ್ವಾ!" ಎಂದು ಒಬ್ಬಳು ಮನೆಯ ಕಡೆ ಹೊರಟೇಬಿಟ್ಟಳು. ಉಳಿದವರೂ ಅವಳ ಹಿಂದೆ. ಅತ್ತೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನನಗೆ ಅಳು ಬಂತು. ಖೋಲಿ ಗೊಬ್ಬರಕ್ಕೇ ಹೋಯಿತೆಂದುಕೊಂಡೆ.

ನಮ್ಮ ಜೊತೆ ಬಂದಿದ್ದ ಕಾಕು ಫೋಟೋ ಇಳಿಸಿ, ಎರಡೂ ಕೈಯಲ್ಲಿ ಎತ್ತಿಕೊಂಡು, ಗೋಡೆಯ ಹೊರಗಿನ ಬೇವಿನ ಬೊಡ್ಡೆಗೆ ಒರಗಿಸಿ ಬಂದಳು. "ನೀವು ಇಲ್ಲೇ ಕುಂಡ್ರಿ," ಎಂದು ಫೋಟೋಗೆ ಹೇಳಿದ್ದು ಗೋಡೆಯೊಳಗಿದ್ದ ನನಗೂ ಕೇಳಿಸಿತು. ಆಮೇಲೆ ಖೋಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಹೊರಬಂದಾಗ ಸೀರೆಗೆ ಕಚ್ಚೆ, ಸೊಂಟಕ್ಕೆ ಎರಡು ಬುರುಡೆ. ಊರಿಗೆಲ್ಲ ಈಜು ಕಲಿಸಿದವನ ಹೆಂಡತಿ ಅಲ್ಲಿಯವರೆಗೆ ಮೊಣಕಾಲುದ್ದದ ನೀರಿಗೂ ಇಳಿದಿರಲಿಲ್ಲ. ಅತ್ತೆ ಕೆಳಗೆ ನೀರಿನಲ್ಲಿ ಕೈ ಚಾಚಿ ನಿಂತಳು. ಕಾಕು ಕಣ್ಣು ಮುಚ್ಚಿ ಧಡಮ್ಮನೆ ಹಾರಿದಳು.

ನಮ್ಮ ಕಡೆ ಆಗ ಹೆಂಗಸು ಬಾವಿಗೆ ಹಾರಿದಳೆಂದರೆ ಅದಕ್ಕೆ ಒಂದೇ ಅರ್ಥವಿತ್ತು. ಗೋಡೆಯಾಚೆ ದೊಡ್ಡಪ್ಪ ಹೌಹಾರಿ ಕೂಗಿದ, "ಯಾರ್ ಬಿದ್ರಬೇ?"

"ನಿನ್ನ ತಮ್ಮನ ಹೆಂಡ್ತಿ, ಅಣ್ಣಾ!" ಅತ್ತೆ ಕೆಳಗಿನಿಂದ ಕೂಗಿದಳು. "ಬಿದ್ದಿಲ್ಲ, ಈಜಾಕತ್ತಾಳ!"

ಹೊರಟಿದ್ದ ಹುಡುಗಿಯರು ಓಡಿ ಬಂದು, ನನ್ನನ್ನೂ ತಳ್ಳಿಕೊಂಡು ಖೋಲಿಗೆ ನುಗ್ಗಿದರು. ಗೋಡೆಯಾಚೆಯಿಂದ ದೊಡ್ಡಪ್ಪನ ದನಿ ಮತ್ತೆ ಬಂತು.

"ಕಾಲು ಬಡಿ ಅನ್ನು ಆಕೀಗೆ! ಕಾಲು! ಅಂವ ಹಂಗ ಕಲಸ್ತಿದ್ದ!"