ರೋಸಮೆಲ್ ಕೈಯಲ್ಲಿ ಉಳಿದ ಕೀಲಿ

ಆ ಬೆಳಗ್ಗೆ ಚಿಲಿಯ ತೆಂಕಣ ತುದಿಯ ಬಂದರು ಪುಂತಾ ಅರೇನಾಸ್‌ನಲ್ಲಿ ಗಾಳಿ ನಿಂತಿತ್ತು. ಗಾಳಿಯೇ ಮನೆಯ ಹಿರಿಯನಂತೆ ಹಗಲಿರುಳು ಗದರುತ್ತ ತಿರುಗುವ ನಮ್ಮ ಜಲಸಂಧಿಯ ದಡದಲ್ಲಿ ಇಂಥ ದಿನ ಅಪರೂಪ. ಬಂದಾಗ ಜನ ಮಾತನ್ನೂ ತಗ್ಗಿಸಿ ಆಡುತ್ತಾರೆ. ಒಬ್ಬನ ಸೇವೆ ಮುಗಿಯುವ ದಿನ ದೇವರೇ ಕಡಲಿಗೆ ಸುಮ್ಮನಿರು ಎಂದನೇನೋ. ಕಾವಲು ನೌಕೆಯ ಚುಕ್ಕಾಣಿ ಕೋಣೆಯಲ್ಲಿ ಕಮಾಂಡರ್ ಆನ್ಸೆಲ್ಮೊ ಬಾಮೊಂದೆಯವರು ಕೊನೆಯ ಬಾರಿಗೆ ನಿಂತು, ಅಲುಗದ ಆ ನೀರನ್ನು ಬಹಳ ಹೊತ್ತು ನೋಡಿದರು.

ಚಿಲಿಯ ನೌಕಾದಳದಲ್ಲಿ ವಿಮಾನ ಹಾರಿಸಿದವರುಂಟು, ಹಡಗು ನಡೆಸಿದವರುಂಟು. ಎರಡನ್ನೂ ಒಂದೇ ಜನ್ಮದಲ್ಲಿ, ಒಂದೇ ತಾಳ್ಮೆಯಿಂದ ಮಾಡಿದವರನ್ನು ಎಣಿಸಹೊರಟರೆ ಮೊದಲ ಬೆರಳಿಗೇ ಬಾಮೊಂದೆಯವರ ಹೆಸರು ಬರುತ್ತದೆ. ಚಿಲೊಯೆ ದ್ವೀಪದ ದೋಣಿ ಕಟ್ಟುವವರ ಮಗನಾದ ಅವರು, ಕೇಪ್ ಹಾರ್ನ್‌ನಾಚೆಯ ಕಡಲಿನ ಮೇಲೆ ಗಸ್ತು ವಿಮಾನ ಹಾರಿಸುತ್ತ ಪ್ರಾಯ ಕಳೆದರು. ದಾರಿ ತಪ್ಪಿದ ದೋಣಿ ಕಣ್ಣಿಗೆ ಬಿದ್ದು, ಇಂಧನ ಸಾಲದೆ ಹಿಂತಿರುಗಬೇಕಾಗಿ ಬಂದರೆ, ಅದರ ಮೇಲೆ ಇನ್ನೊಂದು ಸುತ್ತು ಹಾಕಿ ರೆಕ್ಕೆ ಅಲುಗಿಸಿಯೇ ಬರುತ್ತಿದ್ದರು. ನೋಡಿದ್ದೇವೆ, ನೀವು ಒಂಟಿಯಲ್ಲ ಎಂದು ಕೆಳಗಿನವರಿಗೆ ತಿಳಿಯಲೆಂದು.

ಹಾರುವವನ ಜೇಬಿನಲ್ಲಿ ಸಡಿಲ ವಸ್ತು ಇರಬಾರದು. ಜಾರಿ ಹಿಡಿಕೆಯ ಸಂದಿಗೆ ಬಿದ್ದರೆ ವಿಮಾನ ಮಾತು ಕೇಳದು. ಆದ್ದರಿಂದ ನಮ್ಮ ದಳದ ಪೈಲಟ್‌ಗಳು ಮನೆಯ ಕೀಲಿಯನ್ನು ಮೆಕ್ಯಾನಿಕ್‌ನ ಕೈಗಿಟ್ಟು ವಿಮಾನ ಏರುತ್ತಾರೆ. ಮರಳಿದಾಗ ಅವನು "ಎಂಜಿನ್ ನಿಂತಿತಾ?" ಎಂದು ಕೇಳಬೇಕು, ಇವರು "ನಿಂತಿತು" ಎಂದ ಮೇಲೆಯೇ ಕೀಲಿ ಕೊಡಬೇಕು. ಇನ್ನೊಬ್ಬರ ಕೈಯಲ್ಲಿ ಕಳಿಸುವಂತಿಲ್ಲ. ಬಾಮೊಂದೆಯವರ ಕೀಲಿ ಹಿಡಿಯುತ್ತಿದ್ದವರು ಮೆಕ್ಯಾನಿಕ್ ರೋಸಮೆಲ್ ಬರ್ರಿಯಾ. ಎಲ್ಲರ ಬಾಯಲ್ಲೂ ಅವರು ಮೇಸ್ತ್ರಿ.

ಒಂದು ಚಳಿಗಾಲ ಹಿಮ ಕವಿದು ಬಾಮೊಂದೆಯವರ ವಿಮಾನ ದಕ್ಷಿಣದ ಪುವೆರ್ತೊ ವಿಲಿಯಮ್ಸ್‌ನಲ್ಲಿ ಇಳಿಯಬೇಕಾಯಿತು. ಅಲ್ಲಿ ಲಂಗರು ಹಾಕಿದ್ದ ನೌಕೆಯ ಉಪನಾಯಕರು ಕಾಯಿಲೆ ಬಿದ್ದಿದ್ದರು. ಆ ಜಾಗಕ್ಕೆ ಇವರನ್ನೇ ಹತ್ತಿಸಿದರು. ವಿಮಾನವನ್ನು ಜೊತೆಗಾರ ಪೈಲಟ್ ಹಿಂದಕ್ಕೆ ತಂದ. ಆಪತ್ತಿಗೆ ಹತ್ತಿದ ಹಡಗೇ ಬದುಕಾಯಿತು. ಉಪನಾಯಕರಾಗಿ ಹತ್ತಿದ ಬಾಮೊಂದೆಯವರು ನಾಯಕರಾದರು, ಒಂದಾದ ಮೇಲೊಂದು ಹಡಗು ಅವರ ಕೈಗೆ ಬಂತು; ವಿಮಾನ ಮಾತ್ರ ಮತ್ತೆ ಬರಲಿಲ್ಲ.

ಮೊದಲ ಸಲ ಹಡಗಿನಲ್ಲಿ ಊರಿಗೆ ಬಂದಾಗ ಅವರು ದಕ್ಕೆಯ ಮೇಲೆಯೇ ಕೈಚಾಚಿದರು. "ಏನ್ ಮೇಸ್ತ್ರಿ, ನನ್ ಕೀಲಿ ಕೊಡಲ್ವಾ?"

"ಹಾರ್ಕೊಂಡು ಹೋದೋರು ತೇಲ್ಕೊಂಡು ಬಂದ್ರೆ ಕೊಡೋ ಪದ್ಧತಿ ಇಲ್ಲ ಕಮಾಂಡರೇ. ನೀವಿನ್ನೂ ಇಳಿದೇ ಇಲ್ಲ."

ಪಕ್ಕದಲ್ಲಿದ್ದ ಮಡದಿ ಹಿಮೇನಾ ನಕ್ಕುಬಿಟ್ಟರು. "ನಿಮ್ಮತ್ರಾನೇ ಇರ್ಲಿ ಬಿಡಿ ಮೇಸ್ತ್ರಿ. ತಟ್ಟಿದ್ರೆ ತೆಗೆಯೋಕೆ ನಾನಿಲ್ವಾ? ಕೀಲಿ ಕೊಟ್ರೆ ಈ ಮನುಷ್ಯ ಸದ್ದಿಲ್ದೆ ಬಂದು ಪಾತ್ರೇಲಿರೋದೆಲ್ಲ ಖಾಲಿ ಮಾಡ್ತಾರೆ!"

ಅಂದಿನಿಂದ ಅವರು ತಮ್ಮ ಮನೆಯ ಬಾಗಿಲನ್ನು ತಟ್ಟಿಯೇ ಒಳಗೆ ಹೋದರು.

ವಿಮಾನದಲ್ಲಿ ಭುಜಕ್ಕೆ ಭುಜ ತಾಗುವಂತೆ ಜೊತೆಗಾರರಿರುತ್ತಾರೆ. ಹಡಗಿನಲ್ಲಿ ನಾಯಕನು ಒಬ್ಬನೇ ಉಣ್ಣಬೇಕು. ಆ ಒಂಟಿತನವನ್ನು ಅವರು ಯಾರ ಮೇಲೂ ಇಳಿಸಲಿಲ್ಲ. ಅಡುಗೆಯವನ ತಾಯಿ ತೀರಿಕೊಂಡ ಸುದ್ದಿ ನಡುಗಡಲಲ್ಲಿ ತಲುಪಿದಾಗ, ಅವನನ್ನು ಕೂರಿಸಿ, ತಾವೇ ಈರುಳ್ಳಿ ಹೆಚ್ಚಿದರು. "ಅಳು ಬಂದ್ರೆ ಈರುಳ್ಳಿ ಮೇಲೆ ಹಾಕು ಮಾರಾಯ, ನಾನೂ ಹಾಕ್ತೀನಿ" ಎಂದರಂತೆ.

ಕೆಲವು ವರ್ಷಗಳ ಮೇಲೆ ಹಿಮೇನಾ ಕಾಯಿಲೆ ಬಿದ್ದರು. ಅದು ಉಲ್ಬಣಿಸಿದ ಸುದ್ದಿ ಕಡಲಿನಲ್ಲಿ ಬಂದು, ಅನುಮತಿ ಪಡೆದು ಅವರು ಹಡಗನ್ನು ಊರತ್ತ ತಿರುಗಿಸಿದ್ದರು. ಆಗಲೇ ಮುಳುಗುತ್ತಿದ್ದ ಏಡಿ ಹಿಡಿಯುವ ದೋಣಿಯೊಂದರಿಂದ ರೇಡಿಯೋದಲ್ಲಿ ಸಹಾಯದ ಕೂಗು ಬಂತು. ಹತ್ತಿರ ಬೇರೆ ಹಡಗಿರಲಿಲ್ಲ. ದೇವಮಾತೆಯ ಪಟದ ಮುಂದೆ ಒಂದು ಗಳಿಗೆ ಕಣ್ಣು ಮುಚ್ಚಿ, ಮತ್ತೆ ದಕ್ಷಿಣಕ್ಕೆ ತಿರುಗಿಸಿದರು. ದೋಣಿಯವರೆಲ್ಲ ಉಳಿದರು. ಇವರು ಊರು ಮುಟ್ಟುವಷ್ಟರಲ್ಲಿ ಹಿಮೇನಾರನ್ನು ಮಣ್ಣು ಮಾಡಿ ಆಗಿತ್ತು. ಆ ಮೀನುಗಾರರಿಗೆ ಈ ಸಂಗತಿ ತಿಳಿಯದಂತೆ ಅವರು ನೋಡಿಕೊಂಡರು.

ಸಮಾಧಿಯ ಬಳಿ ನಾದಿನಿ, ಅಕ್ಕನ ಕೀಲಿಯನ್ನು ನೀಡಬಂದಳು. "ಅದು ಅವಳದು, ನೀನೇ ಇಟ್ಕೊ ತಾಯಿ" ಎಂದರು. ರೋಸಮೆಲ್ ತಮ್ಮ ಬಳಿಯಿದ್ದ ಕೀಲಿಗಾಗಿ ಜೇಬಿಗೆ ಕೈ ಹಾಕಿದಾಗ ಬಾಮೊಂದೆಯವರೇ ತಡೆದರು: "ಬೇಡ ಮೇಸ್ತ್ರಿ. ನಾನಿನ್ನೂ ಇಳಿದಿಲ್ಲ." ಮತ್ತೆ ಆ ಮನೆಯ ಬೀದಿಗೇ ಹೋಗಲಿಲ್ಲ. ಹಡಗು ದಡದಲ್ಲಿದ್ದರೂ ಅದರ ಕೋಣೆಯಲ್ಲೇ ಮಲಗಿದರು.

ಈಗ ಆ ಕೋಣೆಯೂ ಬೇರೆಯವರದಾಗುವ ದಿನ ಬಂದಿತ್ತು. ರಾತ್ರಿ ತಲೆಯಿಡುವುದು ಎಲ್ಲಿ ಎಂದು ಅಷ್ಟು ಕಡಲು ಅಳೆದ ಮನುಷ್ಯನಿಗೆ ತಿಳಿದಿರಲಿಲ್ಲ. ಅವರನ್ನು ಬಲ್ಲ ನಮ್ಮೆಲ್ಲರ ಮೊರೆ ಇಷ್ಟೇ: ಕಡಲಿನಲ್ಲಿ ಕಾಪಾಡಿದ ದೇವಮಾತೆ ನೆಲದಲ್ಲೂ ಕಾಪಾಡಲಿ, ಆಯುಷ್ಯವನ್ನು ಕೊಟ್ಟು, ಅದನ್ನು ಕಳೆಯಲು ಬೆಚ್ಚಗಿನ ಜಾಗವನ್ನೂ ಕೊಡಲಿ, ಎಳೆಯ ಪೈಲಟ್‌ಗಳಿಗೆ ರೆಕ್ಕೆ ಅಲುಗಿಸುವುದನ್ನು ಅವರು ಬಹುಕಾಲ ಕಲಿಸುವಂತಾಗಲಿ.

ನಾವಿಕರು ಸೀಟಿ ಊದಿ ಗೌರವ ಸಲ್ಲಿಸಿದ ಮೇಲೆ ಬಾಮೊಂದೆಯವರು ಚೀಲ ಹಿಡಿದು ಒಬ್ಬರೇ ಇಳಿದರು. ದಕ್ಕೆಯ ತುದಿಯಲ್ಲಿ, ಎಂದೋ ನಿವೃತ್ತರಾದ ರೋಸಮೆಲ್ ಟೊಪ್ಪಿ ಕೈಯಲ್ಲಿ ಹಿಡಿದು ನಿಂತಿದ್ದರು.

"ಎಂಜಿನ್ ನಿಂತಿತಾ, ಕಮಾಂಡರೇ?"

ಬಾಮೊಂದೆಯವರು ಹಿಂತಿರುಗಿ ಹಡಗನ್ನು ನೋಡಿದರು. ಚೀಲವನ್ನು ಕೆಳಗಿಟ್ಟರು.

"ನಿಂತಿತು, ಮೇಸ್ತ್ರಿ."

ರೋಸಮೆಲ್ ತೆಗೆದ ಕೀಲಿಗೆ ತುಕ್ಕಿರಲಿಲ್ಲ. ನಾಯಕರ ಕಣ್ಣು ಅದರ ಮೇಲೇ ನಿಂತದ್ದನ್ನು ಕಂಡು ಮೇಸ್ತ್ರಿಯೇ ಹೇಳಿದರು: "ಶನಿವಾರ ಶನಿವಾರ ಹೋಗಿ ಕಿಟಕಿ ತೆಗೀತಿದ್ದೆ. ಮನೆ ಉಸಿರು ಕಟ್ಟಬಾರ್ದಲ್ಲ. ಬೆಳಗ್ಗೆ ಒಲೆ ಹಚ್ಚಿಟ್ಟು ಬಂದಿದ್ದೀನಿ."

ಕೀಲಿಯನ್ನು ನಾಯಕರ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾವೇ ಮಡಿಸಿದರು.