ಪಾಡವಾದ ಮೊದಲ ಬಿಲ್ಲು

ಕಂಪ್ಯೂಟರ್ ಕೆಲಸ ಮಾಡುತ್ತೇನೆ ಎಂದರೆ ಚಪಳಗಾಂವದ ನಮ್ಮ ಓಣಿಯವರು ಕೆಟ್ಟ ಮೊಬೈಲ್ ತಂದು ಕೈಗಿಡುತ್ತಾರೆ. ಸೊಲ್ಲಾಪುರದಲ್ಲಿ ಹೇಳಿದರೆ, ಆಧಾರ್ ಕಾರ್ಡಿನಲ್ಲಿ ಹೆಸರು ತಿದ್ದಿ ಕೊಡುತ್ತೀರೇನು ಎಂದು ಕೇಳುತ್ತಾರೆ. ಎರಡೂ ನನ್ನ ಕೆಲಸವಲ್ಲ. ನನ್ನದು ಡೇಟಾಬೇಸ್. ಕಂಪನಿ ಏನು ಕೊಂಡಿತು, ಏನು ಮಾರಿತು, ಗೋದಾಮಿನಲ್ಲಿ ಏನು ಉಳಿಯಿತು ಎಂಬುದನ್ನೆಲ್ಲ ಒಂದೆಡೆ ಇಟ್ಟುಕೊಂಡು, ಹತ್ತು ಜನ ಒಟ್ಟಿಗೆ ಕೇಳಿದರೂ ಹತ್ತು ಜನಕ್ಕೂ ಒಂದೇ ಉತ್ತರ ಕೊಡುವ ಸಾಫ್ಟ್‌ವೇರ್ ಅದು. ಅದನ್ನು ಮಷೀನಿಗೆ ಹಾಕುವುದು, ನಡೆಸುವುದು, ನಿಂತರೆ ಎಬ್ಬಿಸುವುದು ನನ್ನ ಹೊಟ್ಟೆಪಾಡು. ಈ ಕೆಲಸ ನನಗೆ ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಹೀಗೆ ಹೇಳಿಕೊಂಡರೆ ಜಂಬ ಎನ್ನುವವರು ಎನ್ನಲಿ.

ನಾನಿರುವ ಕಂಪನಿ ವಿಜಾಪುರ ರಸ್ತೆಯಲ್ಲಿದೆ. ಚಾದರು, ಟವೆಲುಗಳ ಸಗಟು ವ್ಯಾಪಾರ. ಅಕ್ಕಲಕೋಟೆಯಲ್ಲಿ ಒಂದು ಶಾಖೆ. ಅಲ್ಲಿಯ ಮಷೀನ್ ವಿಂಡೋಸಿನದು. ಅದಕ್ಕೆ ಡೇಟಾಬೇಸ್ ಹಾಕಲು ಬೆಳಗಿನ ಬಸ್ಸಿಗೆ ಹೋದವಳು, ನೆಕ್ಸ್ಟ್ ನೆಕ್ಸ್ಟ್ ಎಂದು ಒತ್ತುತ್ತ ಊಟದ ಹೊತ್ತಿಗೆಲ್ಲ ಮುಗಿಸಿದ್ದೆ. ಬೆಳಿಗ್ಗೆ ಬಟನ್ ಒತ್ತಿದರೆ ಮಷೀನಿನ ಜೊತೆಗೆ ಅದೂ ತಾನಾಗಿಯೇ ಏಳುತ್ತದೆ. ಒಳಗೆ ಅಂಥದೊಂದು ಇದೆ ಎಂಬುದು ಶಾಖೆಯವರಿಗೆ ಗೊತ್ತೂ ಇಲ್ಲ, ಗೊತ್ತಾಗಬೇಕಾದ ಅಗತ್ಯವೂ ಇಲ್ಲ.

ಸೊಲ್ಲಾಪುರಕ್ಕೆ ತಂದ ಹೊಸ ಸರ್ವರ್ ಲಿನಕ್ಸಿನದು. ಅದು ಮೊದಲ ದಿನದಿಂದಲೇ ತಕರಾರಿನ ಕೂಸು. ಈ ಫೋಲ್ಡರ್ ಯಾರದು, ಯಾರು ಓದಬಹುದು, ಯಾರು ಬರೆಯಬಹುದು ಎಂದು ಪ್ರತಿಯೊಂದಕ್ಕೂ ಕೇಳುತ್ತದೆ. ಉತ್ತರ ಸರಿಯಿಲ್ಲದಿದ್ದರೆ ಡೇಟಾಬೇಸ್ ಏಳುವುದೇ ಇಲ್ಲ. ಲಿನಕ್ಸಿನಲ್ಲಿ ಇಡೀ ಮಷೀನಿಗೆ ಒಬ್ಬ ಯಜಮಾನನಿರುತ್ತಾನೆ, ರೂಟ್ ಎನ್ನುತ್ತಾರೆ. ಅವನಿಗೆ ಆಗದ ಕೆಲಸವಿಲ್ಲ. ಆದರೆ ನಾವು ಹಾಕಿದ ಡೇಟಾಬೇಸನ್ನು ಅವನು ಬಂದು ಎಬ್ಬಿಸಿದರೆ, ನೀನು ಬೇಡ ಎಂದು ಹೇಳಿ ಅದು ಸುಮ್ಮನಾಗುತ್ತದೆ. ಆ ಕೆಲಸಕ್ಕೆಂದೇ ಇಟ್ಟ, ಬೇರೆ ಯಾವ ಅಧಿಕಾರವೂ ಇಲ್ಲದ ಒಬ್ಬ ಬಳಕೆದಾರನ ಹೆಸರಿನಲ್ಲೇ ಅದು ನಡೆಯಬೇಕು. ಇದನ್ನು ನಮ್ಮ ಮಾಲಕರಿಗೆ ತೋರಿಸಿದಾಗ ಅವರು ಹುಬ್ಬೇರಿಸಿದರು.

“ಅಂದ್ರ ಮಾಲಕಂದು ಏನೂ ಕಿಮ್ಮತ್ತ ಇಲ್ಲೇನ್ರಿ?”

“ಕಿಮ್ಮತ್ತ ಅದ್ರಿ. ಕೆಲಸ ಮಾತ್ರ ಬ್ಯಾರೇದವರದು” ಎಂದೆ.

ಮಾಲಕರು ನಕ್ಕರು. ಅವರು ಕೆಟ್ಟ ಮನುಷ್ಯರಲ್ಲ. ಕೆಲಸ ಗೊತ್ತಿದ್ದವರಿಗೆ ಕೆಲಸ ಬಿಟ್ಟುಕೊಡುವವರು. ತೊಂದರೆ ಇದ್ದದ್ದು ಅವರ ತಾಯಿ ಕಚೇರಿಗೆ ಬರುವ ದಿನಗಳಲ್ಲಿ. ನಾವೆಲ್ಲ ಅವರನ್ನು ಆಯಿ ಎನ್ನುತ್ತೇವೆ. ವರ್ಷಕ್ಕೆ ಎರಡು ಮೂರು ಸಲ ಬರುತ್ತಾರೆ, ಬಂದ ದಿನ ಮಾಲಕರು ಮಾಲಕರಾಗಿರುವುದಿಲ್ಲ, ಬರೀ ಮಗನಾಗಿರುತ್ತಾರೆ.

ಹೊಸ ಸರ್ವರಿನ ಡೇಟಾ ಇರುವುದು ಬೇರೆ ಡಿಸ್ಕಿನಲ್ಲಿ. ಮಷೀನ್ ಎದ್ದಾಗ ಆ ಡಿಸ್ಕು ಒಮ್ಮೊಮ್ಮೆ ತಡವಾಗಿ ಬರುತ್ತಿತ್ತು. ಅದು ಬರುವ ಮೊದಲೇ ಡೇಟಾಬೇಸ್ ಎದ್ದು ಕೂತರೆ ಡೇಟಾ ಸಿಗದೆ ಆಗುವ ಗೋಳು ಬೇಡವೆಂದು, ತಾನಾಗಿ ಏಳುವ ಏರ್ಪಾಡನ್ನು ನಾನು ಬಂದ್ ಮಾಡಿಟ್ಟಿದ್ದೆ. ಹಬ್ಬ ಮುಗಿದ ಮೇಲೆ ಡಿಸ್ಕಿನ ವಿಚಾರ ಬಗೆಹರಿಸುವುದು, ಅಲ್ಲಿಯತನಕ ನಾನೇ ಒಳಗೆ ಹೋಗಿ, ಡಿಸ್ಕು ನೋಡಿ, ಕೈಯಾರೆ ಎಬ್ಬಿಸುವುದು ಎಂದು ಮಾತಾಗಿತ್ತು. ಮಾಲಕರು ಒಪ್ಪಿದ್ದರು. ಲೆಕ್ಕಪತ್ರ ನೋಡುವ ದಿವಾಣಜಿಗೂ ಹೇಳಿದ್ದೆ. ಅವರು ಹೂಂ ಎಂದು ಎಲೆಅಡಿಕೆ ಹಾಕಿಕೊಂಡಿದ್ದರು.

ದೀಪಾವಳಿ ಪಾಡವಾದ ದಿನ, ಅಂದರೆ ಬಲಿಪಾಡ್ಯದಂದು, ಲೆಕ್ಕದ ಹೊಸ ವಹಿಗೆ ಪೂಜೆ ಮಾಡಿ, ಮುಹೂರ್ತ ನೋಡಿ ಮೊದಲ ಬಿಲ್ಲು ಬರೆಯುವುದು ಇಲ್ಲಿಯ ವ್ಯಾಪಾರಿಗಳ ಪದ್ಧತಿ. ವಹಿ ಹೋಗಿ ಕಂಪ್ಯೂಟರ್ ಬಂದರೂ ಪದ್ಧತಿ ಹೋಗಿಲ್ಲ, ಕುಂಕುಮ ಈಗ ಮಷೀನಿಗೆ ಬೀಳುತ್ತದೆ ಅಷ್ಟೆ. ಹಿಂದಿನ ದಿನವೇ ಮಷೀನನ್ನು ಬಂದ್ ಮಾಡಿ, ಒರೆಸಿ, ರಾತ್ರಿ ವಿಶ್ರಾಂತಿ ಕೊಡುತ್ತಾರೆ. ಆ ವರ್ಷ ಹೊಸ ಸರ್ವರಿನ ಮೊಟ್ಟಮೊದಲ ಬಿಲ್ಲು ಬೇರೆ. ಸರ್ವರ್ ಬಂದ್ ಮಾಡಿ ಹೊರಟವಳನ್ನು ದಿವಾಣಜಿ ನಿಲ್ಲಿಸಿದರು.

“ತಂಗಿ, ನಾಳಿ ನೀ ಬರೂದು ಬ್ಯಾಡ. ಮನಿ ಮಂದಿ ಅಷ್ಟ ಇರ್ತಾರ.”

“ಡ್ರೈವರ್ ಕಾಕಾ ಬರಾಕತ್ತಾರಲ್ಲ? ಪ್ಯಾಕಿಂಗಿನವರೂ ಬರಾಕತ್ತಾರ.”

“ಆಯಿದು ಮಡಿ ಭಾಳ ಇರ್ತದ. ತಿಳಕೋ” ಎಂದರು ದಿವಾಣಜಿ, ನನ್ನ ಮುಖ ನೋಡದೆ.

ತಿಳಿದುಕೊಂಡೆ. ನಾವು ಬೌದ್ಧರು, ಊರ ಹೊರಗಿನ ಕೇರಿಯಿಂದ ದೀಕ್ಷೆ ತೆಗೆದುಕೊಂಡವರು. ನಮ್ಮ ಅಜ್ಜನ ಕಾಲದಲ್ಲಿ ಈ ಮಾತನ್ನು ಅಂಗಳದಲ್ಲಿ ನಿಲ್ಲಿಸಿ, ಊರಿಗೇ ಕೇಳುವಂತೆ ಹೇಳುತ್ತಿದ್ದರು. ಈಗ ತಂಗಿ ಎಂದು ಕರೆದು ಮೆಲ್ಲಗೆ ಹೇಳುತ್ತಾರೆ. ನನಗೆ ಮೈಯೆಲ್ಲ ಉರಿದುಹೋಯಿತು. ತಿಂಗಳುಗಟ್ಟಲೆ ಆ ಮಷೀನಿನ ಹೊಟ್ಟೆಯೊಳಗೆ ಕೈ ಹಾಕಿ ಡಿಸ್ಕು ಕೂರಿಸಿದವಳು, ವಯರು ಕಟ್ಟಿದವಳು, ಧೂಳು ಒರೆಸಿದವಳು ನಾನು. ಆಗೆಲ್ಲ ಈ ಮಡಿ ಯಾವ ಊರಿಗೆ ಹೋಗಿತ್ತು?

“ದಿವಾಣಜಿ, ನಾ ಇಲ್ಲಂದ್ರ ಅದು ಏಳೂದಿಲ್ರಿ. ಮೊದಲ ಹೇಳೀನಿ” ಎಂದೆ.

“ಅಕ್ಕಲಕೋಟಿದಾಗ ಬಟನ್ ಒತ್ತಿದ್ರ ಏಳ್ತದಲ್ಲ.”

“ಅದು ಬ್ಯಾರೆ, ಇದು ಬ್ಯಾರೆ.”

“ಎಲ್ಲಾ ಕಂಪ್ಯೂಟರ ಅಲ್ಲೇನು” ಎಂದು ದಿವಾಣಜಿ ದೀಪದ ಮಾಲೆ ಕಟ್ಟಿಸಲು ಹೋದರು.

ಆ ಸಂಜೆ ಒಂದು ಸಾಲು ಬರೆದಿದ್ದರೆ ಡೇಟಾಬೇಸ್ ಮರುದಿನ ತಾನಾಗಿ ಏಳುವ ಹಾಗೆ ಮಾಡಬಹುದಿತ್ತು. ಡಿಸ್ಕು ಸಮಯಕ್ಕೆ ಬಂದರೆ ಬಂತು, ಬರದಿದ್ದರೆ ಅವರ ಹಣೆಬರಹ. ಮಾಡಲಿಲ್ಲ. ಯಾಕೆ ಮಾಡಬೇಕು? ನನ್ನನ್ನು ಹೊರಗಿಡಲು ಅನುಕೂಲವಾಗಲೆಂದು ನಾನೇ ಕಟ್ಟಿದ ಮಷೀನನ್ನು ಅಪಾಯಕ್ಕೆ ಒಡ್ಡುವಷ್ಟು ಒಳ್ಳೆಯವಳು ನಾನಲ್ಲ.

ಪಾಡವಾದ ಬೆಳಿಗ್ಗೆ ಮನೆಯಲ್ಲಿದ್ದೆ. ನಮ್ಮ ಬಾಡಿಗೆ ಮನೆ ಅದೇ ವಿಜಾಪುರ ರಸ್ತೆಯ ಹಿಂದಿನ ಗಲ್ಲಿಯಲ್ಲಿದೆ. ಅವ್ವ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಕುಟ್ಟುತ್ತಿದ್ದಳು. ಫೋನು ಬಂತು. ದಿವಾಣಜಿ “ಮ್ಯಾಡಮ್” ಎಂದರು. ಸರ್ವರ್ ನಡೆಯುವಾಗ ನಾನು ತಂಗಿ, ನಿಂತಾಗ ಮ್ಯಾಡಮ್. ಅಷ್ಟರಲ್ಲೇ ನನಗೆ ಸುದ್ದಿ ತಿಳಿಯಿತು.

“ಮ್ಯಾಡಮ್, ಕರೀ ಪಡದಾ ಬಂದು ನಿಂತದ. ಲಾಗಿನ್ ಅಂತ ಕೇಳಾಕತ್ತದ.”

“ಬರೋಬರಿ ಅದ. ಹಂಗ ಕೇಳ್ತದ.”

“ಪಾಸ್‌ವರ್ಡ್ ಹೇಳ್ರಿ. ಮುಹೂರ್ತ ಮುಗ್ಯಾಕ ಬಂದದ.”

“ಫೋನಿನ ಮ್ಯಾಲ ಹೇಳೂದಿಲ್ರಿ. ನಾ ಬಂದು ಚಾಲೂ ಮಾಡ್ತೀನಿ.”

ಆ ಕಡೆ ಘಂಟೆ ಬಾರಿಸುವ ಸದ್ದು ಕೇಳುತ್ತಿತ್ತು. ದಿವಾಣಜಿ ದನಿ ತಗ್ಗಿಸಿ, “ನೀವು ಬರೂ ತ್ರಾಸ ಯಾಕ ತಗೋತೀರಿ? ಬರೇ ಹೇಳ್ರಿ, ನಾ ಒತ್ತತೀನಿ” ಎಂದರು. ಪಾಸ್‌ವರ್ಡ್ ಫೋನಿನಲ್ಲಿ ಯಾರಿಗೂ ಹೇಳಕೂಡದು ಎಂಬ ನಿಯಮ ಮಾಲಕರದೇ. ಅದನ್ನು ನೆನಪಿಸಿದೆ. ನಿಯಮ ಇರದಿದ್ದರೂ ಹೇಳುತ್ತಿರಲಿಲ್ಲ ಎಂಬುದು ಬೇರೆ ಮಾತು.

ಅವ್ವ ಒನಕೆ ನಿಲ್ಲಿಸಿದಳು. “ಹಬ್ಬದ ದಿನ ಯಾಕವಾ ವಾದಾ? ಹೇಳಿಬಿಡು. ನೌಕರಿ ಹೋದ್ರ ಏನ ಮಾಡ್ತಿ?”

ಅವಳ ಮಾತು ಸುಳ್ಳಲ್ಲ. ಮನೆ ನಡೆಯುತ್ತಿದ್ದುದು ನನ್ನ ಸಂಬಳದ ಮೇಲೆ. ಸೊಲ್ಲಾಪುರದಲ್ಲಿ ಈ ಕೆಲಸಕ್ಕೆ ಕಂಪನಿಗಳು ಸಾಲುಗಟ್ಟಿ ನಿಂತಿಲ್ಲ. ಪುಣೆಗೆ ಹೋಗಬೇಕು, ಅವ್ವನನ್ನು ಬಿಟ್ಟು ಹೋಗುವ ಮನಸ್ಸು ನನಗಿಲ್ಲ. ಎಲ್ಲ ಗೊತ್ತಿದ್ದೂ “ಹೋದ್ರ ಹೋಗಲಿ” ಎಂದೆ. ಹೆದರಿಕೆ ಇರಲಿಲ್ಲ ಎಂದು ಹೇಳುವುದಿಲ್ಲ. ಸಿಟ್ಟು ಅದಕ್ಕಿಂತ ದೊಡ್ಡದಾಗಿತ್ತು.

ಎರಡನೆಯ ಸಲ ಫೋನು ಬಂದಾಗ ಮಾಲಕರೇ ಮಾತಾಡಿದರು. ಮುಹೂರ್ತ ಆಗಲೇ ಮುಗಿದಿತ್ತು. “ಬರ್ರಿ” ಎಂದರು, ಅಷ್ಟೇ.

“ಮುಂದಿನ ಬಾಗಲದಿಂದ ಬರ್ಲೇನ್ರಿ, ಹಿಂದಿನಿಂದ ಬರ್ಲೇನ್ರಿ?”

“ಮುಂದಿಂದ ಬರ್ರಿ.”

ಹೋದೆ. ಬಾಗಿಲಲ್ಲಿ ರಂಗೋಲಿ, ಮಾವಿನ ತೋರಣ. ಡ್ರೈವರ್ ಕಾಕಾ ಸರಿದು ದಾರಿ ಬಿಟ್ಟರು. ಒಳಗೆ ಸರ್ವರಿನ ಪಕ್ಕದ ಕುರ್ಚಿಯಲ್ಲಿ ಇಳಕಲ್ ಸೀರೆ ಉಟ್ಟ ಆಯಿ ಕೂತಿದ್ದರು. ನನ್ನತ್ತ ನೋಡಿದರು. ಸರ್ವರಿಗೆ ಚೆಂಡು ಹೂವಿನ ದಪ್ಪ ಮಾಲೆ ಹಾಕಿದ್ದರು, ಗಾಳಿ ಆಡುವ ಜಾಲರಿಯೆಲ್ಲ ಮುಚ್ಚಿಹೋಗಿತ್ತು. ನಾನು ಮಾಲೆಯನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕದ ಮೊಳೆಗೆ ತೂಗುಹಾಕಿದೆ. ಆಯಿಯ ತುಟಿ ಬಿಗಿಯಿತು.

ಲಾಗಿನ್ ಆದೆ. ಡಿಸ್ಕು ನೋಡಿದೆ. ಬಂದಿರಲಿಲ್ಲ. ಅದನ್ನು ಮೊದಲು ಕೂಡಿಸಿ, ಫೋಲ್ಡರಿನ ಹಕ್ಕು ನೋಡಿ, ಆಮೇಲೆ ಡೇಟಾಬೇಸ್ ಎಬ್ಬಿಸಿದೆ. ಕರಿ ಪರದೆಯ ಮೇಲೆ ಸಾಲು ಸಾಲಾಗಿ ಅಕ್ಷರ ಓಡಿ, ಸಿದ್ಧ ಎಂಬ ಸಾಲು ಬಂತು. ಪಕ್ಕದ ಕಂಪ್ಯೂಟರಿನಲ್ಲಿ ಬಿಲ್ಲಿನ ಪುಟ ತೆರೆದುಕೊಂಡಿತು. ಪರದೆಯ ಮೂಲೆಯಲ್ಲಿ ಗಡಿಯಾರ ಹತ್ತೂಮುಕ್ಕಾಲು ತೋರಿಸುತ್ತಿತ್ತು. ಹತ್ತಕ್ಕೇ ಮುಹೂರ್ತ ಮುಗಿದಿತ್ತು.

ದಿವಾಣಜಿಗೆ ಉಪಾಯ ಹೊಳೆಯಿತು. “ಮ್ಯಾಡಮ್, ಗಡ್ಯಾಳ ಒಂದ ತಾಸ ಹಿಂದ ಹಾಕ್ರಿ. ಬಿಲ್ಲಿನ ಮ್ಯಾಲ ಮುಹೂರ್ತದ ವ್ಯಾಳ್ಯಾನೇ ಬೀಳ್ತದ. ಹೋದ ವರ್ಷ ಅಕ್ಕಲಕೋಟಿದಾಗ ನಾ ಹಂಗೇ ಮಾಡಿದ್ದೆ.”

ನಿಂತವರೆಲ್ಲ ಹಗುರಾಗಿ ಉಸಿರುಬಿಟ್ಟರು. ದೇವರಿಗೂ ಬೇಸರವಿಲ್ಲ, ಆಯಿಗೂ ಬೇಸರವಿಲ್ಲ.

ಅಕ್ಕಲಕೋಟೆಯಲ್ಲಿ ಮಾಡಿದ್ದು ಏನಾಯಿತೆಂದು ನನಗೆ ಗೊತ್ತಿತ್ತು. ಸೊಲ್ಲಾಪುರದ ಆಗಿನ ಹಳೆಯ ಮಷೀನ್ ದಿನವಿಡೀ ಐದೈದು ನಿಮಿಷಕ್ಕೊಮ್ಮೆ ಅಕ್ಕಲಕೋಟೆಯ ಮಷೀನನ್ನು ಕೇಳುತ್ತಿದ್ದುದು ಒಂದೇ ಮಾತು: ನಾನು ಕೊನೆಗೆ ನೋಡಿದ ಗಳಿಗೆಯ ನಂತರ ನಿನ್ನಲ್ಲಿ ಏನೇನಾಯಿತು? ಗಡಿಯಾರ ಹಿಂದೆ ಹೋಗಿದ್ದರಿಂದ ಆ ತಾಸಿನ ಬಿಲ್ಲುಗಳೆಲ್ಲ ಆ ಗಳಿಗೆಗೂ ಮೊದಲಿನವಾಗಿ ಕೂತಿದ್ದವು. ಸೊಲ್ಲಾಪುರ ಅವುಗಳನ್ನು ಕೇಳಲೇ ಇಲ್ಲ. ಮಾರಿಹೋದ ಚಾದರುಗಳು ಗೋದಾಮಿನಲ್ಲೇ ಇವೆ ಎಂದು ನಮ್ಮ ಪರದೆ ತೋರಿಸುತ್ತಿತ್ತು. ಒಬ್ಬ ಹಮಾಲನ ಮೇಲೆ ಕಳ್ಳತನದ ಅನುಮಾನ ಬಂದು, ಅವನು ಕಣ್ಣೀರು ಹಾಕಿದ ಮೇಲೆ ನಾನು ಕೂತು ಹುಡುಕಿ ತೆಗೆದದ್ದು ಅದು. ದಿವಾಣಜಿ ಆಗಲೂ ಹೂಂ ಎಂದಿದ್ದರು.

ಇದನ್ನೆಲ್ಲ ಹೇಳಿ, “ಗಡ್ಯಾಳ ಹಿಂದ ಹಾಕೂದಿಲ್ರಿ” ಎಂದೆ.

“ಒಂದ ಬಿಲ್ಲರಿ” ಎಂದರು ಮಾಲಕರು. “ಒಂದ ತಗದು ಮತ್ತ ಮುಂದ ಹಾಕ್ರಿ.”

ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಅದು ಹೊಸ ಮಷೀನಿನ ಮೊದಲ ಬಿಲ್ಲು, ಅದರ ಹಿಂದೆ ಗೊಂದಲವಾಗಲು ಇನ್ನೊಂದು ಬಿಲ್ಲು ಇರಲಿಲ್ಲ. ಅದೊಂದನ್ನು ನಾನು ಸಂಭಾಳಿಸಬಹುದಿತ್ತು. ನನ್ನ ಕೈ ತಡೆದದ್ದು ಬೇರೆ ಕಾರಣಕ್ಕೆ, ಆ ಕಾರಣವನ್ನು ಹೇಳಬೇಕೋ ಬೇಡವೋ ಎಂದು ಯೋಚಿಸುತ್ತಿರುವಾಗ ಆಯಿ ಮೊದಲ ಸಲ ಬಾಯಿ ಬಿಟ್ಟರು.

“ಮಾಡಾಕ ನಿನಗೇನು ಅಡಚಣಿ?”

ಕುರ್ಚಿ ತಿರುಗಿಸಿ ಅವರ ಎದುರಿಗೆ ಕೂತೆ.

“ಆಯಿ, ಮುಹೂರ್ತದಾಗ ನಾ ಇಲ್ಲಿ ಇದ್ದಿಲ್ಲ. ಬರಬ್ಯಾಡ ಅಂತ ಹೇಳಿ ಕಳಿಸಿದ್ರಿ. ಆವಾಗ ಮಷೀನ ಎದ್ದಿಲ್ಲ. ನಾ ಬಂದ ಮ್ಯಾಲ ಎದ್ದದ. ಈಗ ಗಡ್ಯಾಳ ಹಿಂದ ಹಾಕಿದ್ರ, ನಾ ಇಲ್ಲದಾಗೇ ಎಲ್ಲಾ ಚಾಲೂ ಆತು ಅಂತ ಆಗ್ತದ. ನನ್ನ ಕೈಲೆ ಅದನ್ನ ಬರಸಬ್ಯಾಡ್ರಿ. ಬೇಕಂದ್ರ ಬ್ಯಾರೇದವರನ್ನ ಕರೀರಿ, ಪಾಸ್‌ವರ್ಡ್ ಮಾಲಕರಿಗೆ ಇಲ್ಲೇ ಕೊಟ್ಟು ಮನಿಗೆ ಹೋಗ್ತೀನಿ. ನಾಳಿಂದ ಬರೂದಿಲ್ಲ.”

ದಿವಾಣಜಿ ಗೋಡೆಯ ಕ್ಯಾಲೆಂಡರ್ ಓದುತ್ತಿದ್ದರು. ಮಾಲಕರು ತಾಯಿಯ ಮುಖ ನೋಡಿದರು, ಪರದೆ ನೋಡಿದರು, ಮತ್ತೆ ತಾಯಿಯ ಮುಖ ನೋಡಿದರು. ಆಮೇಲೆ ಪಕ್ಕದ ಕಂಪ್ಯೂಟರಿನ ಮುಂದೆ ಕೂತು ಕೀಬೋರ್ಡನ್ನು ತಮ್ಮತ್ತ ಎಳೆದುಕೊಂಡು ಮೊದಲ ಬಿಲ್ಲು ತೆಗೆದರು. ಗಡಿಯಾರ ಇದ್ದಲ್ಲೇ ಇತ್ತು.

ನೌಕರಿ ಹೋಗಲಿಲ್ಲ, ಈಗಲೂ ಅಲ್ಲೇ ಇದ್ದೇನೆ. ಆ ಸರ್ವರಿನ ಮೊದಲ ಬಿಲ್ಲಿನ ವೇಳೆ ಈಗಲೂ ಹತ್ತೂಮುಕ್ಕಾಲರ ಮೇಲೆಯೇ ಇದೆ. ವ್ಯಾಪಾರ ಇಳಿದ ತಿಂಗಳಲ್ಲೆಲ್ಲ ದಿವಾಣಜಿ ಅದನ್ನೇ ದೂರುತ್ತಾರೆ, ಏರಿದ ತಿಂಗಳಲ್ಲಿ ಮರೆಯುತ್ತಾರೆ.

ಆ ದಿನ ಬಿಲ್ಲಾದ ಮೇಲೆ ಆಯಿ ಎದ್ದು ಪೇಢೆಯ ತಟ್ಟೆ ಹಿಡಿದು ಬಂದರು. ಮಗನ ಕೈಗೆ, ದಿವಾಣಜಿಯ ಕೈಗೆ, ಡ್ರೈವರ್ ಕಾಕಾನ ಕೈಗೆ ಒಂದೊಂದು ಪೇಢೆ ಇಟ್ಟರು. ನನ್ನ ಎದುರಿಗೆ ಬಂದಾಗ ಪೇಢೆ ಹಿಡಿದ ಅವರ ಕೈ ಗೇಣು ಮೇಲಕ್ಕೆ ನಿಂತಿತು. ಆ ಎತ್ತರ ನನಗೆ ಚೆನ್ನಾಗಿ ಗೊತ್ತು. ಮೇಲಿನ ಕೈ ಕೆಳಗಿನ ಕೈಗೆ ತಾಗದ ಹಾಗೆ, ಮೇಲಿಂದ ಬಿಡುವ ಎತ್ತರ ಅದು. ನಮ್ಮ ಅವ್ವ ಅದರ ಕೆಳಗೆ ಕೈಯೊಡ್ಡಿದ್ದಾಳೆ, ಅವಳ ಅವ್ವನೂ ಒಡ್ಡಿದ್ದಾಳೆ.

ನಾನು ಒಡ್ಡಲಿಲ್ಲ. ಆಯಿಯ ಇನ್ನೊಂದು ಕೈಯಲ್ಲಿದ್ದ ತಟ್ಟೆಗೇ ಕೈ ಹಾಕಿ ಒಂದು ಪೇಢೆ ತೆಗೆದುಕೊಂಡೆ. ಅವರು ತಟ್ಟೆಯನ್ನು ಮೇಜಿನ ಮೇಲೆ ಇಟ್ಟುಬಿಟ್ಟರು. ಉಳಿದದ್ದನ್ನು ಯಾರು ತಿಂದರೋ, ಯಾರು ಬಿಸಾಡಿದರೋ, ಇವತ್ತಿನವರೆಗೆ ನಾನು ಕೇಳಿಲ್ಲ. ನನ್ನ ಪೇಢೆಯನ್ನು ಅಲ್ಲೇ, ಸರ್ವರಿನ ಪಕ್ಕದಲ್ಲಿ, ಎಲ್ಲರೂ ನೋಡುತ್ತಿರುವಾಗ ನಿಂತು ತಿಂದೆ. ಅವಸರ ಮಾಡಲಿಲ್ಲ.