ಮೇಲಿನ ಮನೆಯ ಕಮೋಡು

ಅಲ್ಲಾಳಸಂದ್ರದ ನಮ್ಮ ಬೀದಿಯಲ್ಲಿ ದೊಡ್ಡ ಮನುಷ್ಯರೆಂದರೆ ನನ್ನ ಭಾವ ಮುನಿಗಂಗಪ್ಪನವರು. ಹಾಗೆಂದು ಅವರೇ ಹೇಳಿಕೊಳ್ಳುತ್ತಾರೆ. ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಕೆರೆ ಕಡೆಯ ಹೊಲ ಮಾರಿ, ಹಳೇ ಮನೆಯ ಪಕ್ಕದ ದನದ ಕೊಟ್ಟಿಗೆ ಕೆಡವಿ, ಬಾಡಿಗೆಗೆಂದು ಮೂರು ಅಂತಸ್ತು ಎಬ್ಬಿಸಿದರು. ಅಂದಿನಿಂದ ಗೇಟಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುವುದೇ ಅವರ ಉದ್ಯೋಗ.

ನಾನು ವನಿತಾ, ಅವರ ತಮ್ಮನ ಹೆಂಡತಿ. ಹಳೇ ಮನೆಯ ಅರ್ಧ ಭಾಗ ನಮ್ಮದು. ಇನ್ನರ್ಧದಲ್ಲಿ ಭಾವ ಮತ್ತು ಅವರ ಹೆಂಡತಿ, ನನ್ನ ಓರಗಿತ್ತಿ ಅಂಜನಮ್ಮ. ಅಕ್ಕ ಮಾಕಳಿಯಿಂದ ಮದುವೆಯಾಗಿ ಬಂದವಳು. ಆ ಕೊಟ್ಟಿಗೆಯ ಸಗಣಿ ಬಾಚಿ, ಹಾಲು ಕರೆದು, ಯಲಹಂಕದವರೆಗೆ ತಲೆಯ ಮೇಲೆ ಸೊಪ್ಪಿನ ಕುಕ್ಕೆ ಹೊತ್ತು ಮಾರಿ, ಮಗಳು ಆಶಾರಾಣಿಯನ್ನು ಓದಿಸಿ ಮದುವೆ ಮಾಡಿ ಕಳಿಸಿದಳು. ಭಾವ ಆಗಲೂ ಕೂತೇ ಇದ್ದರು. ಕುರ್ಚಿ ಮಾತ್ರ ಆಮೇಲೆ ಬಂತು.

ಐವತ್ತರ ಹತ್ತಿರ ಅಕ್ಕನಿಗೆ ಮುಟ್ಟು ಏರುಪೇರಾಗಿ, ಆಮೇಲೆ ನಿಂತೇ ಹೋಯಿತು. ಮೈ ಇದ್ದಕ್ಕಿದ್ದಂತೆ ಒಲೆಯ ಹಾಗೆ ಕಾಯುತ್ತಿತ್ತು. ಸಂಕ್ರಾಂತಿಯ ಚಳಿಯಲ್ಲೂ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಮಂಡಿಗಳಂತೂ ಊದಿಕೊಂಡು, ಒಂದೊಂದು ಹೆಜ್ಜೆಗೂ ಕಣ್ಣಲ್ಲಿ ನೀರು ಬರುತ್ತಿತ್ತು. ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮುಟ್ಟು ನಿಲ್ಲುವಾಗ ಹೀಗೆಲ್ಲ ಆಗುತ್ತದೆ, ಮಾತ್ರೆ ತಗೊಳ್ಳಿ, ಕುಕ್ಕರಗಾಲಲ್ಲಿ ಮಾತ್ರ ಕೂರಬೇಡಿ ಎಂದರು ಡಾಕ್ಟರಮ್ಮ.

ಭಾವನಿಗೆ ಹೇಳಿದರೆ ನಕ್ಕರು. "ತಿಂಗ್ಳಿಗೆ ಮೂರ್ ದಿನ ಅಡ್ಗೆಮನೆ ಒಳಕ್ಕೆ ಬರ್ತಿರ್ಲಿಲ್ಲ. ಈಗ ಆ ತಾಪತ್ರಯ ತಪ್ತಲ್ಲ. ಖುಷಿ ಪಡೋದ್ ಬಿಟ್ಟು ಇಂಗೆ ನರಳ್ತಾಳೆ."

ಥೂ! ಮದುವೆಯಾದಾಗಿನಿಂದ ಅವಳಿಗೆ ಸಿಕ್ಕಿದ್ದ ರಜೆ ಅದೊಂದೇ. ಅದೂ ಹೋಯಿತೆಂದು ಈ ಮನುಷ್ಯನಿಗೆ ಸಂತೋಷ.

ಕುಕ್ಕರಗಾಲಲ್ಲಿ ಕೂರದೆ ಅಕ್ಕ ಎಲ್ಲಿಗೆ ಹೋಗಬೇಕು? ನಮ್ಮೆರಡು ಮನೆಗೂ ಹಿತ್ತಲಲ್ಲಿ ಇದ್ದದ್ದು ಒಂದೇ ಹಳೇ ಕಕ್ಕಸು. ಕೂತರೆ ಏಳಲಾಗದೆ ನಲ್ಲಿ ಹಿಡಿದು ಏಳುತ್ತಿದ್ದಳು. ಒಂದು ದಿನ ನಲ್ಲಿಯೇ ಕಿತ್ತು ಕೈಗೆ ಬಂತು. ಕಿರುಚಿದ್ದು ಕೇಳಿ ಓಡಿದೆ. ಒದ್ದೆ ನೆಲದಲ್ಲಿ ಬಿದ್ದಿದ್ದ ಅಕ್ಕ ನೋವಿಗಿಂತ ನಾಚಿಕೆಗೆ ಅಳುತ್ತಿದ್ದಳು. ಅಂದಿನಿಂದ ನೀರು ಕುಡಿಯುವುದು ಕಡಿಮೆ ಮಾಡಿದಳು, ರಾತ್ರಿಯ ಮುದ್ದೆ ಬಿಟ್ಟಳು. ತಿಂದರೆ ತಾನೇ ಹೋಗಬೇಕು ಎಂದಳು. 

ನನ್ನ ಗಂಡ ಅಣ್ಣನ ಮುಂದೆ ಬಾಯಿ ಬಿಡುವವನಲ್ಲ. ನಾನೇ ಗೇಟಿಗೆ ಹೋದೆ.

"ಭಾವ, ಅಕ್ಕನಿಗೋಸ್ಕರ ಒಂದು ವೆಸ್ಟರ್ನ್ ಕಮೋಡು ಹಾಕ್ಸಿ."

"ನಮ್ಮಪ್ಪ ಸಾಯೋಗಂಟ ಅಲ್ಲೇ ಕೂತಿದ್ದು. ಇವ್ಳೇನ್ ಮಹಾರಾಣಿನಾ? ಅದೆಲ್ಲ ನಮ್ಮಂತೋರ್ಗೆ ಒಗ್ಗಲ್ಲ ಕಣಮ್ಮ."

ಅದೇ ಸಂಜೆ ಯಾರೋ ಗಂಡ ಹೆಂಡತಿ ಮನೆ ನೋಡಲು ಬಂದರು. ಮೊದಲನೇ ಮಹಡಿಯ ಮನೆ ವಾರದ ಹಿಂದೆ ಖಾಲಿಯಾಗಿತ್ತು. ಭಾವ ಪಂಚೆ ಕೊಡವಿಕೊಂಡು ಎದ್ದು, "ಅಟ್ಯಾಚ್ಡ್ ಬಾತ್‌ರೂಮ್ ಸಾರ್, ವೆಸ್ಟರ್ನ್ ಐತೆ. ಕೂತ್ರೆ ಏಳೋಕೆ ಮನ್ಸೇ ಬರಲ್ಲ ನಿಮ್ಗೆ" ಎಂದು ಹಲ್ಲು ಕಿರಿದರು. ಹೆಂಡತಿ ಕೂತರೆ ಏಳಲಾಗದೆ ಅಳುತ್ತಿದ್ದುದು ಆ ಬಾಯಿಗೆ ನೆನಪಾಗಲೇ ಇಲ್ಲ.

ಬಂದವರಿಗೆ ಮನೆ ಹಿಡಿಸಿತ್ತು. ಕಸ ಗುಡಿಸುವ ನೆಪದಲ್ಲಿ ನನ್ನ ಜೊತೆ ಮೇಲೆಯೇ ಇದ್ದ ಅಕ್ಕ, ಭಾವ ಮುಂದೆ ಇಳಿದು ಹೋದ ಮೇಲೆ ಆ ಹೆಂಗಸಿನ ಕೈ ಹಿಡಿದು ಪಿಸುಗುಟ್ಟಿದಳು. "ಬೋರ್ ಒಣಗೋಗೈತೆ ಕಣಮ್ಮ. ಟ್ಯಾಂಕರ್ ಬಂದ್ರೆ ನೀರು, ಇಲ್ಲಾಂದ್ರೆ ಇಲ್ಲ." ಅವರು ತಿರುಗಿ ಬರಲಿಲ್ಲ. ನಮ್ಮ ಬೋರ್‌ವೆಲ್ಲಿಗೆ ಏನೂ ಆಗಿರಲಿಲ್ಲ.

"ಯಾಕಕ್ಕ ಸುಳ್ಳು ಹೇಳ್ದೆ?" ಎಂದೆ.

"ಈ ಮನೆ ಖಾಲಿಯಾದಾಗ್ಲಿಂದ ಇಲ್ಲಿಗೇ ಬರ್ತಿದೀನಿ ವನಿತಾ. ಮೆಟ್ಲು ಹತ್ತೋಕೆ ಪ್ರಾಣ ಓಗುತ್ತೆ, ಆದ್ರೂ ಹತ್ತಿದ್ ಮೇಲೆ ಕುರ್ಚಿ ಮೇಲ್ ಕೂತಂಗೆ ಕೂತು, ಅಂಗೇ ಎದ್ ಬರ್ತೀನಿ. ಅವ್ರು ಸಂಸಾರ ತಂದು ಇಟ್ರೆ ನಾನೆಲ್ಲಿಗ್ ಓಗ್ಲಿ?"

ಮುಂದಿನವರು ಬಂದಾಗ ಗೋಡೆಯಲ್ಲಿ ಹಾವಿನ ಹುತ್ತ ಇತ್ತೆಂದು ನಾನೇ ಹೇಳಿದೆ. ಅದರ ಮುಂದಿನವರಿಗೆ, ಓನರ್ ಕುಡಿದು ಗಲಾಟೆ ಮಾಡುತ್ತಾರೆ ಎಂದೆ. ಅದನ್ನು ಹೇಳುವಾಗ ನನಗೆ ಬಹಳ ಖುಷಿಯಾಯಿತು. ಅಕ್ಕ ಮತ್ತೆ ರಾತ್ರಿ ಊಟ ಶುರು ಮಾಡಿದಳು. ಮುಖದಲ್ಲಿ ಸ್ವಲ್ಪ ಕಳೆ ಬಂತು.

ಆಯುಧಪೂಜೆ ಬಂದರೂ ಮನೆ ಖಾಲಿ. ಭಾವನಿಗೆ ತಲೆ ಕೆಟ್ಟಿತು. ಬೋರ್ಡು ಬದಲಾಯಿಸಿದರು, ಬೂದುಗುಂಬಳಕಾಯಿ ಕಟ್ಟಿಸಿದರು. ಕೊನೆಗೆ ಬ್ಯಾಟರಾಯನಪುರದಿಂದ ಯೋಗಾನಂದ ಎಂಬ ವಾಸ್ತು ಪಂಡಿತನನ್ನು ಕರೆಸಿದರು. ಬೆರಳಿಗೊಂದು ಉಂಗುರ ಹಾಕಿಕೊಂಡ ಆಸಾಮಿ ದಿಕ್ಸೂಚಿ ಹಿಡಿದು ಮನೆಯೆಲ್ಲ ಸುತ್ತಿ, ಬಚ್ಚಲ ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಂಡ. "ಈಶಾನ್ಯದಲ್ಲಿ ಕಮೋಡು ಇದೆ ಸ್ವಾಮಿ! ಲಕ್ಷ್ಮಿ ಹೇಗೆ ಬರ್ತಾಳೆ? ಮೊದಲು ಇದನ್ನ ಒಡೆಸಿ."

ಮನೆ ಕಟ್ಟಿದಾಗಿನಿಂದ ಅದೇ ಈಶಾನ್ಯದಿಂದ ಬಾಡಿಗೆ ಎಣಿಸಿಕೊಂಡಿದ್ದ ಭಾವ ಗಾಬರಿಯಿಂದ ತಲೆಯಾಡಿಸಿದರು. ಮರುದಿನವೇ ಪ್ಲಂಬರ್ ಮೊಯಿನುದ್ದೀನ್ ಸುತ್ತಿಗೆ, ಉಳಿ ಹಿಡಿದು ಬಂದ. ಪಂಡಿತನೂ ದಕ್ಷಿಣೆಗೆ ಕಾದು ನಿಂತಿದ್ದ.

ಅಕ್ಕ ಅಡುಗೆಮನೆಯಲ್ಲಿದ್ದಳು. ನಾನು ಸುದ್ದಿ ಹೇಳಿದ್ದೇ ತಡ, ಒಲೆ ಆರಿಸಿ, ಕಂಬಿ ಹಿಡಿದು, ಅಡ್ಡಡ್ಡಲಾಗಿ ಕಾಲಿಡುತ್ತಾ ಮೆಟ್ಟಿಲು ಹತ್ತಿದಳು. ಮೊಯಿನುದ್ದೀನ್ ಸುತ್ತಿಗೆ ಎತ್ತಿದ್ದ. ಅಕ್ಕ ಅವನನ್ನು ಪಕ್ಕಕ್ಕೆ ಸರಿಸಿ, ಕಮೋಡಿನ ಮುಚ್ಚಳ ಮುಚ್ಚಿ ಅದರ ಮೇಲೆ ಕೂತುಬಿಟ್ಟಳು.

"ಏಯ್, ಏಳೇ ಮೇಲೆ! ಮನೆಗ್ ಜನ ಬರ್ದಂಗೆ ಮಾಡಿರೋ ಅನಿಷ್ಟ ಅದು!" ಎಂದು ಭಾವ ಕೂಗಿದರು.

"ಜನ ಬರ್ದಂಗ್ ಮಾಡಿದ್ದು ನಾನು," ಎಂದಳು ಅಕ್ಕ. ಬೆವರು ಇಳಿಯುತ್ತಿತ್ತು, ದನಿ ಮಾತ್ರ ನಡುಗಲಿಲ್ಲ. "ಬಂದೋರ್ನೆಲ್ಲ ಸುಳ್ಳು ಏಳಿ ಓಡ್ಸಿದೀನಿ. ಇದ್ರ ಮೇಲೆ ದಿನಾ ಕೂತಿದೀನಿ. ದುಡ್ಡು ಕೊಡೋರು ಕೂರೋಕ್ಕೆ ಜಾಗ ಮಾಡಿದೀರಿ. ನಿಮ್ಗೆ ಅನ್ನ ಬೇಯ್ಸಿ ಬೇಯ್ಸಿ ಮಂಡಿ ಸವೆಸ್ಕೊಂಡೋಳು ಬಿದ್ದು ಸಾಯ್ಲಿ ಅಂತೀರಿ. ಮೊಯಿನುದ್ದೀನಣ್ಣ, ಇದನ್ನ ಒಡೀಬೇಡ. ಹುಷಾರಾಗಿ ಕಿತ್ತು ಕೆಳಗಡೆ ನಮ್ಮನೇಲಿ ಕೂರ್ಸು. ಅಲ್ಲೀಗಂಟ ನಾನು ಇಲ್ಲಿಂದ ಏಳಲ್ಲ, ಒಲೆನೂ ಹಚ್ಚಲ್ಲ."

ಒಲೆ ಹಚ್ಚಲ್ಲ ಎಂದದ್ದು ಮಾತ್ರ ಭಾವನಿಗೆ ಸರಿಯಾಗಿ ಕೇಳಿಸಿತು. ಅವರು ಪಂಡಿತನ ಮುಖ ನೋಡಿದರು. ಪಂಡಿತ ಕೆಮ್ಮಿ, ಹಿತ್ತಲ ದಿಕ್ಕಿಗೆ ಉಂಗುರದ ಬೆರಳು ತೋರಿಸಿ, "ಅಲ್ಲಿ ದೋಷವಿಲ್ಲ" ಎಂದ. ದಕ್ಷಿಣೆ ಇಸಿದುಕೊಂಡು ಹೋದ, ಮಾನಗೆಟ್ಟವನು.

ಕಮೋಡು ಕೆಳಗೆ ಬಂತು. ಹಳೇ ಕಕ್ಕಸಿನ ಪಕ್ಕದಲ್ಲಿ ಸೌದೆ ಒಟ್ಟುತ್ತಿದ್ದ ಜಾಗಕ್ಕೆ ಗೋಡೆ ಎಬ್ಬಿಸಿ, ಬಾಗಿಲು ಇಟ್ಟು, ಕೂರಿಸಿದ್ದಾಯಿತು. ಅಕ್ಕನ ಮಂಡಿ ನೋವೇನೂ ಹೋಗಿಲ್ಲ, ಮೈ ಈಗಲೂ ಕಾಯುತ್ತದೆ. ಆದರೆ ಹೊಟ್ಟೆ ತುಂಬ ಉಣ್ಣುತ್ತಾಳೆ, ಬೇಕಾದಷ್ಟು ನೀರು ಕುಡಿಯುತ್ತಾಳೆ.

ದೀಪಾವಳಿ ಕಳೆಯುವುದರೊಳಗೆ ಬೆಳಿಗ್ಗೆ ಬೆಳಿಗ್ಗೆ ಹೊಸ ಕಕ್ಕಸಿನ ಒಳಗೆ ಪೇಪರ್ ಮಗುಚುವ ಸದ್ದು ಕೇಳತೊಡಗಿತು. ಒಗ್ಗಲ್ಲ ಎಂದಿದ್ದ ಭಾವ ಒಳಗೆ ಕೂತರೆ ಅರ್ಧ ಗಂಟೆ ಏಳುತ್ತಿರಲಿಲ್ಲ. ಅಕ್ಕ ಹೊರಗೆ ಗೋಡೆ ಹಿಡಿದು ನಿಂತಿರಬೇಕಿತ್ತು. ಎರಡು ದಿನ ಸಹಿಸಿ, ಮೂರನೆಯ ದಿನ ಬಾಗಿಲಿಗೆ ಬೀಗ ಹಾಕಿ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಈಗ ಭಾವ ದಿನಾ ಬೆಳಿಗ್ಗೆ ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾರೆ. "ಬೀಗದ್ ಕೈ ಕೊಡೇ."

ಅಕ್ಕ ರೊಟ್ಟಿ ತಟ್ಟುವುದನ್ನು ನಿಲ್ಲಿಸುವುದಿಲ್ಲ. "ಯಾಕೆ, ಮಂಡಿ ನೋವಾ?"

ಭಾವ ಬೀದಿಯ ಕಡೆ ಒಮ್ಮೆ ನೋಡಿ, ಪಂಚೆ ಹಿಡಿದುಕೊಂಡು, ಮೆತ್ತಗೆ, "ಹೂಂ ಕಣೇ, ನೋವು" ಎನ್ನುತ್ತಾರೆ. ಹಾಗನ್ನುವವರೆಗೆ ಅಕ್ಕ ಸೊಂಟಕ್ಕೆ ಕೈ ಹಾಕುವುದಿಲ್ಲ.